ಶಿವಲಿಂಗವ್ವನ ಬಾಗಿಲಿಗೆ ಹೊರಟ ಗೆರೆ

ಟಿಣ್.

ಇಷ್ಟೇ. ಮಧ್ಯರಾತ್ರಿ ದಾಟಿದ ಮೇಲೆ ಹಿತ್ತಲ ಕಡೆಯಿಂದ ಬಂದ ಸದ್ದು. ಬೆಕ್ಕಿನದಲ್ಲ, ಇಲಿಯದೂ ಅಲ್ಲ. ಅವೆರಡರ ಸದ್ದುಗಳನ್ನು ನಾನು ಚೆನ್ನಾಗಿ ಬಲ್ಲೆ, ಏಕೆಂದರೆ ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವಕ್ಕೂ ಹೆದರುತ್ತ ಬಂದಿದ್ದೇನೆ. ಸ್ವಲ್ಪ ತಡೆದು ಮತ್ತೆ, ಟಿಣ್. ಆಮೇಲೆ, ಠಪ್. ಈ ಠಪ್ ಬಹಳ ಕೆಟ್ಟದಾಗಿತ್ತು. ಟಿಣ್ ಅನ್ನುವುದರಲ್ಲಿ ಏನೋ ಜೀವವಿತ್ತು; ಠಪ್ ಅಂದದ್ದು ಆ ಜೀವ ಹೋದ ಹಾಗೆ ಕೇಳಿಸಿತು.

ನಮ್ಮವರನ್ನು ಎಬ್ಬಿಸಲು ಕೈ ಚಾಚಿದೆ. ಹಾಸಿಗೆ ಖಾಲಿ.

ಕಳ್ಳರು ಬೇರೆ ಏನೂ ಸಿಗದೆ ಗಂಡನನ್ನೇ ಹೊತ್ತೊಯ್ದರೆಂದು ನನಗೆ ಖಾತ್ರಿಯಾಯಿತು. ಗೋಡೆ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದು ಇಣುಕಿದೆ. ನಮ್ಮವರು ಧೋತರ ಎತ್ತಿ ಕಟ್ಟಿ, ಕಂದೀಲು ಪಕ್ಕಕ್ಕಿಟ್ಟು, ನನ್ನ ಹಿತ್ತಾಳೆ ಸೌಟಿನಿಂದ ಕಬ್ಬಿಣದ ತೊಲೆಯೊಂದನ್ನು ಬಡಿದು, ಅದಕ್ಕೆ ಕಿವಿ ಹಚ್ಚಿ ಕೂತಿದ್ದರು.

"ಏನ್ ಮಾಡಾಕತ್ತೀರಿ?"

"ಶ್! ಬಿರುಕು ಹುಡುಕಾಕತ್ತೇನಿ. ಕಬ್ಬಿಣ ಗಟ್ಟಿ ಇದ್ದಲ್ಲೆ ಟಿಣ್ ಅಂತೈತಿ, ಬಿರುಕು ಬಿಟ್ಟಲ್ಲೆ ಠಪ್ ಅಂತೈತಿ. ಹಗಲೊತ್ತು ಈ ಓಣಿ ಗದ್ದಲದಾಗ ಏನೂ ತಿಳಿಯೂದಿಲ್ಲ."

"ಅದು ಸಾರಿನ ಸೌಟು."

"ಸಾರಿಗೆ ಮುಂಜಾನೆ ಕೊಡತೇನಿ, ಹೋಗು."

ಆಗ ಪಕ್ಕದ ಕಿಟಕಿಯಿಂದ ಕೆಮ್ಮು ಕೇಳಿಸಿತು. ಮನೆಯ ಮಾಲಕರಾದ ಶಿವಲಿಂಗವ್ವನವರ ಕೆಮ್ಮು. ನಮ್ಮವರು ಕಂದೀಲನ್ನು ಉಫ್ ಎಂದು ಆರಿಸಿದರು. ನಾವಿಬ್ಬರೂ ಕತ್ತಲಲ್ಲಿ, ನಮ್ಮದೇ ಹಿತ್ತಲಲ್ಲಿ, ಕಳ್ಳರ ಹಾಗೆ ಉಸಿರು ಹಿಡಿದು ನಿಂತೆವು.

ಇಲ್ಲಿ ಕಬ್ಬಿಣದ ತೊಲೆಯ ಪೂರ್ವಚರಿತ್ರೆ ಹೇಳಬೇಕು. ನಮ್ಮವರು, ಅಂದರೆ ಸೋಮಪ್ಪ ಮಾಸ್ತರರು, ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಗೆರೆ-ಕೋನಗಳ ಭೂಮಿತಿ ಕಲಿಸುತ್ತಿದ್ದರು. ಹುಬ್ಬಳ್ಳಿ ಧಾರವಾಡಗಳನ್ನು ಕೂಡಿಸಿ ಒಂದೇ ಊರೆಂದು ಸಾರಿದ ಮರುವರ್ಷ ಅವರ ಹೆಡ್‌ಮಾಸ್ತರರು ಸ್ಕೂಟರು ತಂದರು. "ಅವ್ರದು ಎರಡ ಗಾಲಿ. ನಂದು ನಾಕು ಇರತಾವ," ಎಂದು ನಮ್ಮವರು ಮಾಸ್ತರರ ಕೋಣೆಯಲ್ಲಿ ಅಂದುಬಿಟ್ಟರು. ಅಂದ ಮೇಲೆ ತೋರಿಸಬೇಕಲ್ಲ? ಭೂಮಿತಿಯಲ್ಲಿ ಎಡವುತ್ತಲೇ ಇದ್ದ ತಮ್ಮ ಮಗ ಇವರ ಕೈಯಲ್ಲಿ ಪಾಸಾದ ಸಂತೋಷಕ್ಕೆ ಹತ್ತಿ ವ್ಯಾಪಾರಿಯೊಬ್ಬರು ತಮ್ಮ ಗೋದಾಮಿನಲ್ಲಿ ಬಿದ್ದಿದ್ದ ಹಳೆಯ ಅಮೆರಿಕನ್ ಪಿಕಪ್ ಗಾಡಿಯನ್ನು ಕಾಣಿಕೆ ಕೊಟ್ಟರು. ಅದರಲ್ಲಿ ವಾಸವಾಗಿದ್ದ ಕೋಳಿಗಳನ್ನು ಮಾತ್ರ ತಾವೇ ಇಟ್ಟುಕೊಂಡರು.

ಮಹಾಯುದ್ಧದ ಕಾಲದಲ್ಲಿ ಯಾರೋ ಗೋರಾ ಸೋಲ್ಜರ ಆ ಗಾಡಿಯ ಚಾವಣಿ ಕೊಯ್ದು ಗಿಡ್ಡ ಮಾಡಿಸಿ, ಮೂತಿಯಲ್ಲಿ ಅದಕ್ಕೆ ಮೀರಿದ ದೊಡ್ಡ ಎಂಜಿನ್ ಕೂಡಿಸಿ, ಧಾರವಾಡದ ರಸ್ತೆಯಲ್ಲಿ ಪಂದ್ಯ ಕಟ್ಟಿ ಓಡಿಸುತ್ತಿದ್ದನಂತೆ. ಪಟಕಾ ಸುತ್ತಿದವರು ಒಳಗೆ ಕೂರುವ ಹಾಗಿರಲಿಲ್ಲ, ಅಷ್ಟು ಗಿಡ್ಡ. ಒಂದು ದಿನ ಉಣಕಲ್ಲಿನ ಹತ್ತಿರ ಮರಕ್ಕೆ ಗುದ್ದಿದನಂತೆ. ಅಂದಿನಿಂದ ಗಾಡಿಯ ಚಾಸಿ ಸೊಟ್ಟ. ಚಾಸಿ ಅಂದರೆ ಗಾಡಿಯ ಎಲುಬಿನ ಗೂಡು: ಎರಡು ಉದ್ದನೆಯ ಕಬ್ಬಿಣದ ತೊಲೆ, ಅವನ್ನು ಹಿಡಿದ ಅಡ್ಡಪಟ್ಟಿಗಳು. ಅದನ್ನು ನೆಟ್ಟಗೆ ಮಾಡದೆ ಗಾಡಿ ನೆಟ್ಟಗೆ ಓಡುವುದಿಲ್ಲವೆಂದು ಮಿಸ್ತ್ರಿ ಬಡೇಸಾಬ ಹೇಳಿದ. ಹೀಗಾಗಿ ಮೇಲಿನ ಡಬ್ಬಿ, ಎಂಜಿನ್ ಎಲ್ಲ ಅವನ ವರ್ಕ್‌ಶಾಪಿಗೆ ಹೋಗಿ, ಕೇಶ್ವಾಪುರದ ನಮ್ಮ ಹಿತ್ತಲಲ್ಲಿ ಬರೀ ಚಾಸಿ ನಾಲ್ಕು ಕಲ್ಲುಗಳ ಮೇಲೆ ಕೂತಿತ್ತು.

ಆ ಹಿತ್ತಲು ನಮ್ಮೊಬ್ಬರದಲ್ಲ. ಅರ್ಧ ಮನೆಯಲ್ಲಿ ನಾವು, ಉಳಿದರ್ಧದಲ್ಲಿ ಶಿವಲಿಂಗವ್ವನವರು. ಎರಡೂ ಹಿತ್ತಲ ಬಾಗಿಲುಗಳು ಒಂದೇ ಗೋಡೆಯಲ್ಲಿ ಅಕ್ಕಪಕ್ಕ. ಗಂಡ ತೀರಿದ ಮೇಲೆ ಒಬ್ಬರೇ ಇದ್ದ ಅವರು ದನಿಯಲ್ಲಿ ಫೌಜುದಾರರ ಹಾಗೆ, ಕೈಯಲ್ಲಿ ತಾಯಿಯ ಹಾಗೆ. ನನಗೆ ವಿಷಮಜ್ವರ ಬಂದಾಗ ತಲೆಯ ಹತ್ತಿರ ಕೂತು ಗಂಜಿ ಕುಡಿಸಿ ಬದುಕಿಸಿದವರು. ಗಾಡಿ ಇಡಲು ಒಪ್ಪಿದ್ದರು, ಒಂದೇ ಷರತ್ತು: ರಾತ್ರಿ ಸದ್ದಾಗಕೂಡದು.

ಬೆಳಿಗ್ಗೆ ನಮ್ಮವರು ಬೇವಿನ ಕಡ್ಡಿ ಅಗಿಯುತ್ತಿದ್ದಾಗ ಶಿವಲಿಂಗವ್ವ ಹೊರಗೆ ಬಂದರು.

"ಮಾಸ್ತರ, ರಾತ್ರಿ ಏನರ ಸದ್ದು ಕೇಳಿಸ್ತೇನು?"

ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮವರ ಉತ್ತರ ಹೋಗಿಯಾಗಿತ್ತು.

"ಇಲ್ಲಲ್ರಿ ಅವ್ವಾರ! ನಾವಂತೂ ಸತ್ತವರಂಗ ಮಲಗಿದ್ವಿ."

"ಟಿಣ್ ಅಂತು. ಆಮ್ಯಾಲೆ ಠಪ್ ಅಂತು."

"ಟಿಣ್ಣೂ ಇಲ್ಲ, ಠಪ್ಪೂ ಇಲ್ಲ. ಸೂಜಿ ಬಿದ್ದಿದ್ರ ನಾ ಎದ್ದ ಕೂಡತಿದ್ದೆ."

ಶಿವಲಿಂಗವ್ವ ಏನೋ ಯೋಚಿಸುತ್ತ ಒಳಗೆ ಹೋದರು. "ಯಾಕ ಸುಳ್ಳ ಹೇಳಿದ್ರಿ?" ಎಂದೆ. "ಸಣ್ಣದು," ಎಂದರು ನಮ್ಮವರು, ಕಡ್ಡಿ ಉಗುಳಿ.

ಅಂದು ಭಾನುವಾರ. ಶಿವಲಿಂಗವ್ವ ಮಠಕ್ಕೆ ಪ್ರವಚನ ಕೇಳಲು ಹೋದ ಮೇಲೆ ಬಡೇಸಾಬ ಹಮಾಲರನ್ನು, ಎತ್ತಿನ ಬಂಡಿಯನ್ನು ಕರೆದುಕೊಂಡು ಚಾಸಿ ಒಯ್ಯಲು ಬಂದ. ಆಳು ಆರಡಿ, ಮೀಸೆ ಅದಕ್ಕೆ ತಕ್ಕಷ್ಟು, ಮಾತು ಎರಡಕ್ಕೂ ಮೀರಿ.

"ಮಾಸ್ತರ, ಅಳತಿಗಿಳತಿ ಏನೂ ಬ್ಯಾಡ. ನನ್ನ ಕಣ್ಣ ಪಟ್ಟಿ ಐತಿ. ಬಸ್ಸಿನ ಚಾಸಿ ಸೊಟ್ಟ ಇದ್ರ ನಾ ಸದ್ದಿನ ಮ್ಯಾಲೆ ಹೇಳತೇನಿ, ಹಾಸಿಗ್ಯಾಗ ಮಲಕ್ಕೊಂಡು."

"ಕಣ್ಣು ಮೋಸ ಮಾಡತಾವ ಬಡೇಸಾಬ. ಕರ್ಣರೇಖಿ ಮೋಸ ಮಾಡೂದಿಲ್ಲ."

ಅವರ ಶಾಸ್ತ್ರ ಹೀಗೆ: ಚಾಸಿಯ ನಾಲ್ಕು ಮೂಲೆಗಳಿಂದ ತೂಕ ಕಟ್ಟಿದ ದಾರ ಇಳಿಬಿಟ್ಟು ನೆಲದ ಮೇಲೆ ನಾಲ್ಕು ಚುಕ್ಕಿ ಇಡಬೇಕು. ಮೂಲೆಯಿಂದ ಎದುರು ಮೂಲೆಗೆ ಎರಡು ಗೆರೆ ಎಳೆಯಬೇಕು. ಎರಡೂ ಸಮ ಬಂದರೆ ಚಾಸಿ ನೆಟ್ಟಗೆ, ಇಲ್ಲದಿದ್ದರೆ ಸೊಟ್ಟ. ಗೋಡೆ ಕಟ್ಟುವ ಗೌಂಡಿಗಳ ಬಳಿ ಇರುವಂಥ ತೂಕದ ಗುಂಡು ಇವರಲ್ಲಿರಲಿಲ್ಲ. ಅದಕ್ಕೆ ನನ್ನ ಅಡಿಗೆಮನೆಯಿಂದ ನಿಂಬೆಹಣ್ಣು ತಂದು, ಮೊನೆ ಕೆಳಗೆ ಬರುವಂತೆ ಒಂದೊಂದಕ್ಕೂ ದಬ್ಬಣ ಚುಚ್ಚಿ, ದಾರಕ್ಕೆ ಕಟ್ಟಿದರು. ಶಾಲೆಯ ಸುಣ್ಣದ ಕಡ್ಡಿ ಸಗಣಿ ಸಾರಿಸಿದ ನೆಲದ ಮೇಲೆ ಪುಡಿಯಾಯಿತು. ಗೆರೆಗೆ ನನ್ನ ರಂಗೋಲಿ ತಂದರು. ಚುಕ್ಕಿ ಎದ್ದು ಕಾಣಲಿ ಎಂದು ನನ್ನ ಕುಂಕುಮದ ಭರಣಿಗೂ ಕೈಹಾಕಿದರು. ತುಕ್ಕು ತಿಕ್ಕಲು ಬಡೇಸಾಬ ಕೊಯ್ದಿದ್ದ ನಿಂಬೆಹೋಳುಗಳು ಕೆಂಪಗೆ ಸುತ್ತಲೂ ಬಿದ್ದಿದ್ದವು.

ಗೆರೆಗಳು ಸಮ ಬರಲಿಲ್ಲ. ಒಂದು ಗೇಣು ವ್ಯತ್ಯಾಸ. ತಪ್ಪು ಎಂಥದೆಂದು ಬಡೇಸಾಬನ ಕಣ್ಣಿಗೂ ಕಾಣಲಿ ಎಂದು ನಮ್ಮವರು ಉದ್ದದ ಗೆರೆಯನ್ನು ಹಿತ್ತಲ ಉದ್ದಕ್ಕೂ ಎಳೆಯುತ್ತ ಹೋದರು. ಅದು ಸೀದಾ ಶಿವಲಿಂಗವ್ವನವರ ಹೊಸ್ತಿಲಿಗೆ ಹೋಗಿ ಮುಟ್ಟಿತು.

"ಅದನ್ನರ ಅಳಿಸ್ರಿ," ಎಂದೆ. "ಅವ್ವಾರ ಬಾಗಲಕ್ಕ ಹೋಗೇತಿ."

"ಭೂಮಿತ್ಯಾಗ ಬಾಗಲಾ ಅಂತ ಇರೂದಿಲ್ಲ. ಚಾಸಿ ರಿಪೇರಿ ಆಗಿ ಬಂದ ಮ್ಯಾಲೆ ಇವೇ ಚುಕ್ಕಿ ಮ್ಯಾಲೆ ಇಟ್ಟು ನೋಡಬೇಕು. ಯಾರೂ ಕಸಾ ಹೊಡೀಬಾರದು, ನೋಡು!"

ಚಾಸಿಯನ್ನು ಬಂಡಿಗೆ ಹೇರಿಕೊಂಡು ಎಲ್ಲರೂ ಹೋದರು. ನಾನು ರೊಟ್ಟಿ ಬಡಿಯಲು ಒಳಗೆ ಕೂತೆ. ಎರಡನೆಯ ರೊಟ್ಟಿ ಹಂಚಿನ ಮೇಲಿದ್ದಾಗ ಹಿತ್ತಲಲ್ಲಿ ಚೀತ್ಕಾರ ಕೇಳಿಸಿತು.

ಶಿವಲಿಂಗವ್ವ ತಮ್ಮ ಹೊಸ್ತಿಲಲ್ಲಿ ನಿಂತಿದ್ದರು. ಕಾಲ ಬುಡಕ್ಕೆ ಬಂದು ನಿಂತ ಬಿಳಿ ಗೆರೆಯ ಗುಂಟ ಅವರ ಕಣ್ಣು ಹೋಯಿತು: ಕುಂಕುಮದ ಚುಕ್ಕಿ, ದಬ್ಬಣ ಚುಚ್ಚಿದ ನಿಂಬೆಹಣ್ಣು, ಬಿಳಿ ದಾರ, ರಕ್ತದಲ್ಲಿ ಅದ್ದಿದಂಥ ಹೋಳುಗಳು. ಅವರ ಕಣ್ಣಿನಿಂದ ನೋಡಿದಾಗ ನನಗೂ ಮೈ ಜುಮ್ಮೆಂದಿತು. ಅಷ್ಟು ಒಳ್ಳೆಯ ಮಾಟವನ್ನು ಮಾಟಗಾರರೂ ಮಾಡಲಾರರು.

"ತಂಗೀ," ಎಂದರು. ಆ ದನಿ ನಾನೆಂದೂ ಕೇಳದ ದನಿ. "ರಾತ್ರಿ ಸದ್ದು ನಿಮಗ್ಯಾರಿಗೂ ಕೇಳಲಿಲ್ಲ. ನನಗಷ್ಟ ಕೇಳಿಸ್ತು. ಯಾರ ಮ್ಯಾಲೆ ಮಾಡಿಸಿರತಾರೋ ಅವರಿಗಷ್ಟ ಕೇಳಸತೈತಿ."

ಹೇಳಬೇಕಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಹೇಳಿದರೆ ಬೆಳಿಗ್ಗೆ ಕಡ್ಡಿ ಅಗಿಯುತ್ತ ಆಡಿದ ಸುಳ್ಳು ಹೊರಗೆ ಬೀಳುತ್ತದೆ. ಅಷ್ಟು ಯೋಚಿಸುವಷ್ಟರಲ್ಲಿ ಅವರು ಒಳಗೆ ಹೋಗಿ ಹೊರಸಿನ ಮೇಲೆ ಮಲಗಿಬಿಟ್ಟಿದ್ದರು.

ಸಂಜೆಯೊಳಗೆ ಓಣಿ ನಮ್ಮ ಹಿತ್ತಲಲ್ಲಿತ್ತು. ಎದುರುಮನೆಯ ರುಕ್ಮವ್ವ ಸೊಂಟದ ಮೇಲೆ ಕೈಯಿಟ್ಟು ತೀರ್ಪು ಕೊಟ್ಟಳು.

"ಗಾಡಿ ಅಡ್ಡ ಇತ್ತಲ್ಲ, ಅದಕ್ಕ ಇಷ್ಟು ದಿನಾ ಕಾಣಲಿಲ್ಲ. ಮ್ಯಾಲೆ ಮಾಸ್ತರ ಕಬ್ಬಿಣ ಇದ್ದದ್ದಕ್ಕ ನೀ ಬದುಕಿದಿ ಯಕ್ಕಾ. ಇವತ್ತ ಕಬ್ಬಿಣ ಹೋತು, ಇವತ್ತ ಮಾಟ ಎದ್ದ ಕುಂತು!"

ಎಲ್ಲರೂ ನನ್ನ ಕಡೆಗೆ ಕೃತಜ್ಞತೆಯಿಂದ ನೋಡಿದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಶಿವಲಿಂಗವ್ವ ಅಂದು ಉಣ್ಣಲಿಲ್ಲ. "ಮಾಟ ಅನ್ನದ ಜೋಡಿ ಒಳಗ ಇಳದು ಅಮಾಸಿಗೆ ಜೀವಾ ತಗೀತೈತಿ. ಅಮಾಸಿ ತನಕಾ ನಾ ಏನೂ ಮುಟ್ಟೂದಿಲ್ಲ," ಎಂದರು. ಮರುದಿನವೂ ಉಣ್ಣಲಿಲ್ಲ. ಡಾಕ್ಟರರು ಬಂದು ನಾಡಿ ಹಿಡಿದು ಹೊರಗೆ ಬಂದರು. "ಜಡ್ಡು ಏನೂ ಇಲ್ಲ. ಆದ್ರ ಈ ವಯಸ್ಸಿನಾಗ ಹೊಟ್ಟಿ ಖಾಲಿ ಇಟ್ರ ಎದಿ ತಡಕೊಳ್ಳೂದಿಲ್ಲ. ಏನರ ಮಾಡಿ ಉಣಸ್ರಿ, ಇಲ್ಲಾಂದ್ರ ಅಮಾಸಿ ಮುಟ್ಟೂದು ಕಠಿಣ," ಎಂದರು.

ನಮ್ಮವರ ಮುಖ ಸುಣ್ಣದ ಹಾಗಾಗಿತ್ತು. "ಹೇಳಿಬಿಡೂಣು," ಎಂದರು. "ಈಗ ಹೇಳೂಣು." ಹೊರಟು ಹೊಸ್ತಿಲು ದಾಟುವಷ್ಟರಲ್ಲಿ ಎದುರಿಗೆ ಖಾಕಿ ಕಂಡಿತು. ಶಿವಲಿಂಗವ್ವನವರ ಅಣ್ಣನ ಮಗ, ಹವಾಲ್ದಾರ ಈರಬಸಪ್ಪ, ಸೈಕಲ್ಲನ್ನು ನಮ್ಮ ಬಾಗಿಲಿನ ಆಚೆ ಬಚ್ಚಲ ಗೋಡೆಗೆ ಆನಿಸುತ್ತಿದ್ದ. ನಮ್ಮವರು ಹೊಸ್ತಿಲಲ್ಲೇ ಕೂತುಬಿಟ್ಟರು.

"ಮಾಸ್ತರ, ಛಲೋ ಆತು ಸಿಕ್ರಿ. ಓಣ್ಯಾಗ ಓದಿದವ್ರು ನೀವ. ಈ ಮಾಟದ್ದೊಂದು ನಕಲ ತಗದ ಕೊಡ್ರಿ. ಸ್ಟೇಶನ್ನಿಗೆ ಬೇಕು."

ಹೀಗೆ ನಮ್ಮವರು ತಮ್ಮ ಅಪರಾಧದ ನಕಲನ್ನು ತಾವೇ ತೆಗೆಯಲು ಕೂತರು. ಮೊದಲು ಹವಾಲ್ದಾರನ ಲಾಠಿಯನ್ನು ಕದ್ದು ಕದ್ದು ನೋಡುತ್ತಿದ್ದರು. ಪಟ್ಟಿ, ಪೆನ್ಸಿಲು ಕೈಗೆ ಬಂದ ಮೇಲೆ ಲಾಠಿ ಮರೆತರು. ಅದು ನನಗೆ ಇನ್ನೂ ಹೆಚ್ಚಿನ ಭಯ ತಂದಿತು. ಕೋನಗಳಿಗೆ ಹೆಸರು ಕೊಟ್ಟರು. ಅಂಚಿಗೆ ಚೌಕಟ್ಟು ಹಾಕಿದರು.

"ನೋಡ್ರಿ ಹವಾಲ್ದಾರ, ಈ ಎರಡೂ ಕರ್ಣರೇಖಿ ಸಮ ಇಲ್ಲ. ಒಂದು ಗೇಣು ಫರಕ ಐತಿ."

"ಅಂದ್ರ ಮಾಡಿದಾವ ದಡ್ಡ."

ನಮ್ಮವರಿಗೆ ಸಿಟ್ಟು ಬಂತು. "ದಡ್ಡ ಹೆಂಗ ಆಗತಾನ್ರಿ? ಅಳತಿ ಬರೋಬ್ಬರಿ ತಗೊಂಡಾನ. ಅಳದ ವಸ್ತು ಸೊಟ್ಟ ಐತಿ!"

ಹವಾಲ್ದಾರ ತಲೆಯೆತ್ತಿದ. "ನಿಮಗ ಹೆಂಗ ಗೊತ್ತು?"

ನನ್ನ ಕೈಯಲ್ಲಿದ್ದ ಚಹಾದ ಬಟ್ಟಲುಗಳು ಫರಸಿಕಲ್ಲಿನ ಮೇಲೆ ಬಿದ್ದವು. ನನ್ನ ಜೀವಮಾನದಲ್ಲಿ ನಾನು ಒಡೆದ ಪಾತ್ರೆಗಳಲ್ಲಿ ಇಷ್ಟು ಸಮಯಕ್ಕೆ ಸರಿಯಾಗಿ ಬಿದ್ದವು ಬೇರೆ ಇಲ್ಲ. ಚೂರು ಆರಿಸುವ ಗಡಿಬಿಡಿಯಲ್ಲಿ ನಮ್ಮವರು "ಅಂದಾಜಿಲೆ ಅಂದೆ" ಎಂದು ನುಣುಚಿಕೊಂಡರು. ಹವಾಲ್ದಾರ ಹೋಗುವಾಗ, ಮಾಡಿದವರು ಸಿಕ್ಕರೆ ಮೊದಲು ಕಾಲು ಮುರಿದು ಆಮೇಲೆ ಹೆಸರು ಕೇಳುವುದಾಗಿ ಹೇಳಿ ಹೋದ.

ಮೂರನೆಯ ದಿನ ನನಗೆ ತಡೆಯಲಾಗಲಿಲ್ಲ. ಗಂಜಿಯ ಬಟ್ಟಲು ಹಿಡಿದು ಒಬ್ಬಳೇ ಹೋದೆ. ಶಿವಲಿಂಗವ್ವ ಸಣ್ಣಗಾಗಿದ್ದರು. ಕಿಟಕಿಯ ಕಡೆ ಮುಖ ಮಾಡಿ ಹಿತ್ತಲನ್ನೇ ನೋಡುತ್ತಿದ್ದರು. ನಾನು ಅವರ ಕಾಲ ಹತ್ತಿರ ಕೂತು ಎಲ್ಲ ಹೇಳಿದೆ: ಸೌಟು, ಬಿರುಕು, ಚಾಸಿ, ಗೇಣು, ನಿಂಬೆಹಣ್ಣು.

ಅವರು ನನ್ನ ಕೈ ಹಿಡಿದುಕೊಂಡರು. ಕೈ ತಣ್ಣಗಿತ್ತು.

"ಎಷ್ಟು ಚಂದ ಸುಳ್ಳ ಹೇಳತಿ ತಂಗಿ, ನನಗ ಧೈರ್ಯಾ ಬರಲಿ ಅಂತ."

"ಸುಳ್ಳಲ್ಲರಿ ಅವ್ವಾರ, ಖರೇನ!"

"ಗಾಡಿಗೆ ಯಾರರ ಕುಂಕುಮ ಹಚ್ಚಿ ಅಳತಾರೇನು? ನಿಂಬಿಹಣ್ಣಿಗೆ ದಬ್ಬಣ ಚುಚ್ಚತಾರೇನು? ಬಿ.ಎ. ಪಾಸಾಗಿ ಒಂದು ನಂಬುವಂಥಾ ಸುಳ್ಳ ಹೇಳಾಕ ಬರೂದಿಲ್ಲ ನಿನಗ."

"ಸದ್ದು ಮಾಡಿದ್ದು ಇವರ ರಿ..."

"ಮಾಸ್ತರ ಅಂಥಾ ಮನಿಷ್ಯಾ ಅಲ್ಲ. ಅಂವ ಮಲಗಿದ್ದೆ ಅಂದಾನ. ಸಾಲಿ ಮಾಸ್ತರ ಸುಳ್ಳ ಹೇಳತಾನೇನು? ಗಂಜಿ ಒಯ್ಯವ್ವಾ. ಅಮಾಸಿ ಆದ ಮ್ಯಾಲೆ ನನ್ನ ಕೆಂಪು ಇಳಕಲ್ ಸೀರಿ ನೀ ಉಟ್ಕೊ."

ನಾನು ಅಳುತ್ತ ಹೊರಗೆ ಬಂದೆ. ನಿಜ ಹೇಳಿದರೆ ಎಲ್ಲ ಸರಿಹೋಗುತ್ತದೆಂದು ಕಾಲೇಜಿನಲ್ಲಿ ಓದಿದ್ದೆ. ನಿಜ ಹೇಳಿದೆ, ಒಂದು ಸೀರೆ ಸಿಗುವುದಷ್ಟೇ ಬಾಕಿ ಉಳಿಯಿತು.

ಅಂದೇ ಮಧ್ಯಾಹ್ನ ಹವಾಲ್ದಾರ ಉಣಕಲ್ಲಿನಿಂದ ಗುಡ್ಡವ್ವನನ್ನು ಟಾಂಗಾದಲ್ಲಿ ಕರೆತಂದ. ಮಾಟ ತೆಗೆಯುವುದರಲ್ಲಿ ಆಕೆಯದು ಎತ್ತಿದ ಕೈಯಂತೆ. ಬಾಯಲ್ಲಿ ತಂಬಾಕು, ಹಣೆಯಲ್ಲಿ ಅಂಗೈಯಗಲ ಅರಿಶಿನದ ಭಂಡಾರ. ಹಿತ್ತಲನ್ನು ಸುತ್ತು ಹಾಕಿದಳು, ಚುಕ್ಕಿಗಳನ್ನು ಮೂಸಿದಳು, ನನ್ನ ರಂಗೋಲಿಯನ್ನು ನಾಲಿಗೆಗೆ ಹಚ್ಚಿ ನೋಡಿದಳು.

"ಭಾರೀ ಮಂದಿ ಮಾಡ್ಯಾರ. ಅಳಿಸಿದ್ರ ಒಳಗ ಇಳೀತೈತಿ, ಅಳಿಸಬ್ಯಾಡ್ರಿ. ಇದರ ಮ್ಯಾಲೆ ಇದರಷ್ಟ ಕಬ್ಬಿಣ ಇಡಬೇಕು. ಕಬ್ಬಿಣದ ಮೂಲಿಯಿಂದ ಮೂಲಿಗೆ ದಾರಾ ಹಿಡದು ಗ್ವಾಡಿ ತನಕಾ ಎಳದ್ರ, ಮಾಡಿಸಿದವರ ಬಾಗಲಾ ತೋರಸತೈತಿ. ಆ ಬಾಗಲದಾಗ ಕಾಯಿ ಒಡದ್ರ ಇಳೀತು. ಇಲ್ಲಾಂದ್ರ ಅಮಾಸಿ ಐತಲ್ಲ."

"ಇಷ್ಟು ದೊಡ್ಡ ಕಬ್ಬಿಣ ಎಲ್ಲಿಂದ ತರೂದಬೇ?" ಎಂದ ಹವಾಲ್ದಾರ.

"ಅಯ್ಯ, ಮಾಸ್ತರ ಗಾಡಿದು ಐತಲ್ಲ!" ಎಂದಳು ರುಕ್ಮವ್ವ. "ಅಳತಿ ಕೊಟ್ಟು ಮಾಡಿಸಿದಂಗ ಬರೋಬ್ಬರಿ ಕೂಡತೈತಿ ನೋಡ್ರಿ."

ನಮ್ಮವರು ಒಳಗೆ ಹೋಗಿ ಕಾಗದ ಹಿಡಿದು ಕೂತರು. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದರು.

"ಚಾಸಿ ಸೊಟ್ಟ ಇದ್ದಾಗ ಗೆರಿ ಅವ್ವಾರ ಬಾಗಲಕ್ಕ ಹೋಗಿತ್ತು. ಒಂದು ಗೇಣು ನೆಟ್ಟಗಾತಂದ್ರ ಗ್ವಾಡಿ ಮುಟ್ಟೂದ್ರಾಗ ಎರಡು ಮೊಳ ಸರೀತೈತಿ."

"ಸರದು ಎಲ್ಲಿಗೆ ಬರತೈತಿ?"

ಪೆನ್ಸಿಲಿನಿಂದ ತೋರಿಸಿದರು. ನಮ್ಮ ಬಾಗಿಲು. ಅದೂ ನಟ್ಟನಡುವೆ.

ನಮ್ಮವರು ಬರಿಗಾಲಲ್ಲಿ ವರ್ಕ್‌ಶಾಪಿಗೆ ಓಡಿದರು. ಅಲ್ಲಿ ನಡೆದದ್ದನ್ನು ಅವರೇ ಆಮೇಲೆ ಹೇಳಿದರು. ಬಡೇಸಾಬ ಸೊಟ್ಟ ತೊಲೆಯನ್ನು ಭಟ್ಟಿಯಲ್ಲಿ ಕಾಸಿ ಬಡಿದು ನೆಟ್ಟಗೆ ಮಾಡಿ, ಬಿರುಕು ಬಿಟ್ಟ ಅಡ್ಡಪಟ್ಟಿ ತೆಗೆದು ಹೊಸದು ಹಾಕಿ, ಕಾಸಿದ ರಿವೀಟು ಮೊಳೆ ಬಡಿದು ಮುಗಿಸಿ, ಚಾಸಿಯ ಮೇಲೆ ಕೂತು ಬೀಡಿ ಸೇದುತ್ತಿದ್ದ.

"ಅಳೀರಿ ಮಾಸ್ತರ! ಮೂಲಿಗೆ ಮೂಲಿಗೆ ಅಳೀರಿ! ಕೂದಲಷ್ಟು ಫರಕ ಬಂದ್ರ ಈ ಮೀಸಿ ಬೋಳಸತೇನಿ."

"ಬಡೇಸಾಬ, ಸ್ವಲ್ಪ ಸೊಟ್ಟ ಮಾಡು."

"ಏನಂದ್ರಿ?"

"ಜಾಸ್ತಿ ಬ್ಯಾಡ. ಅರ್ಧಾ ಗೇಣು."

ಬಡೇಸಾಬ ಬೀಡಿ ಎಸೆದ. "ಎರಡು ತಿಂಗಳಾತು, ನೆಟ್ಟಗ ಮಾಡು ನೆಟ್ಟಗ ಮಾಡು ಅಂತ ನನ್ನ ನೆತ್ತಿ ತಿಂದ್ರಿ. ಈಗ ಸೊಟ್ಟ ಮಾಡು ಅಂತೀರಿ? ರಿವೀಟು ಆರೇತಿ. ಇನ್ನ ಆನಿ ತುಳದ್ರೂ ಮಿಸುಕೂದಿಲ್ಲ!" ಕಾರಣ ಕೇಳಿದ ಮೇಲೆ ಅವನ ದನಿ ಇಳಿಯಿತು. ಆ ನಿಂಬೆಹಣ್ಣುಗಳನ್ನು ತಾನೂ ಮುಟ್ಟಿದ್ದೇನೆಂದು ನೆನಪಾಗಿ ಕೈಯನ್ನು ಎಣ್ಣೆ ಚಿಂದಿಯಿಂದ ತಿಕ್ಕಿಕೊಂಡ. "ಮಾಸ್ತರ, ಅದು ಅಳತಿ ಅಂತ ನನಗ ಗೊತ್ತೈತಿ. ಆದ್ರ ಅಷ್ಟು ಮಂದಿ ಮಾಟ ಅಂದ ಮ್ಯಾಲೆ, ಸ್ವಲ್ಪರ ಇರತೈತಿ."

ಮರುದಿನ ಬೆಳಿಗ್ಗೆ ಚಾಸಿ ಬಂಡಿಯ ಮೇಲೆ ಬಂತು. ಗೋಡೆಯ ಮೇಲೂ ಜನ. ಶಿವಲಿಂಗವ್ವನವರನ್ನು ಹೊರಸಿನ ಸಮೇತ ಎತ್ತಿ ತಂದು ಬೇವಿನ ನೆರಳಿನಲ್ಲಿಟ್ಟರು. ಕಣ್ಣುಗಳು ಮಾತ್ರ ಆಡುತ್ತಿದ್ದವು. ಈ ಸಲ ಬಂದ ಬೇರೆ ಹಮಾಲರು ಚಾಸಿಯನ್ನು ಚುಕ್ಕಿಗಳ ಮೇಲೆ ಇಳಿಸಿದರು. ಮುಂದಿನ ಎರಡು ಮೂಲೆ ಚುಕ್ಕಿಗೆ ಸರಿಯಾಗಿ ಕೂತವು. ಹಿಂದಿನವು ಗೇಣು ಸರಿದು ಕೂತವು.

"ದಾರದ ಆ ತುದಿ ಮುತ್ತೈದಿ ಹಿಡೀಬೇಕು," ಎಂದಳು ಗುಡ್ಡವ್ವ. "ಮನ್ಯಾಕಿನ ಹಿಡೀಲಿ."

ಮನೆಯಾಕೆ ನಾನೇ. ಹವಾಲ್ದಾರ ಮುಂದಿನ ಮೂಲೆಯಲ್ಲಿ ದಾರ ಒತ್ತಿ ಹಿಡಿದು ಕೂತ. ನಾನು ಇನ್ನೊಂದು ತುದಿ ಹಿಡಿದು, ಚಾಸಿಯ ಹಿಂದಿನ ಮೂಲೆಯ ಮೇಲೆ ಹಾಯಿಸಿ, ಗೋಡೆಯ ಕಡೆಗೆ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಬಂದೆ. ನಮ್ಮವರ ಲೆಕ್ಕ ಎಂದೂ ತಪ್ಪುವುದಿಲ್ಲ. ಹಿಂಗಾಲಿಗೆ ನಮ್ಮ ಹೊಸ್ತಿಲು ತಾಗಿತು.

ಇನ್ನೊಂದು ಕ್ಷಣ ಕಳೆದರೆ ಎಲ್ಲರೂ ನೋಡುತ್ತಾರೆ. ಆಮೇಲೆ ಹವಾಲ್ದಾರನ ಲಾಠಿ, ನಮ್ಮವರ ಕಾಲು, ಮತ್ತು ಶಿವಲಿಂಗವ್ವ, ತಾವು ಗಂಜಿ ಕುಡಿಸಿ ಬದುಕಿಸಿದ ಹುಡುಗಿಯೇ ತಮ್ಮನ್ನು ಕೊಂದಳೆಂದುಕೊಂಡು ಕಣ್ಣು ಮುಚ್ಚುತ್ತಾರೆ. ನನ್ನ ಮೈಯಲ್ಲಿ ಉಳಿದಿದ್ದ ಅಷ್ಟೂ ಹೆದರಿಕೆ ಎಡಗಾಲಿಗೆ ಇಳಿಯಿತು. ಆ ಕಾಲು ನನ್ನನ್ನು ಕೇಳದೆ ಎರಡು ಹೆಜ್ಜೆ ಪಕ್ಕಕ್ಕೆ ಹೋಯಿತು. ಉಳಿದವಳು ನಾನೂ ಹೋದೆ.

"ತಡೀರಿ!" ಎಂದರು ನಮ್ಮವರು.

ಜನ ತಿರುಗಿದರು. ನಮ್ಮವರ ಕಣ್ಣು ದಾರದ ಮೇಲಿತ್ತು. ಹೆದರಿಕೆ, ಲಾಠಿ, ಅಮಾವಾಸ್ಯೆ ಎಲ್ಲ ಮರೆತು, ತರಗತಿಯ ಹಲಗೆಯ ಮುಂದೆ ನಿಂತ ಮುಖ.

"ದಾರಾ ಮೂಲಿ ಮ್ಯಾಲೆ ಇಲ್ಲ. ಮೂಲಿ ಬಿಟ್ಟು ಒಂದು ಗೇಣು ಆಚಿ..."

ನಾನು ನೋಡಿದೆ. ನಾನು ಹೇಗೆ ನೋಡಿದೆನೋ ತಿಳಿಯದು, ಆದರೆ ನಮ್ಮವರ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು.

"...ಆಚಿ... ಇದ್ರೂ ನಡೀತೈತಿ," ಎಂದು ಮುಗಿಸಿದರು. ಒಂದು ತಪ್ಪು ಗೆರೆಗೆ ಒಪ್ಪಿಗೆ ಕೊಡುವಾಗ ಅವರ ಕಣ್ಣಲ್ಲಿ ನೀರು ಬಂದಿತ್ತು.

ಗುಡ್ಡವ್ವ ಎದ್ದು ಬಂದು, ಒಂದು ಕಣ್ಣು ಮುಚ್ಚಿ, ದಾರದ ಗುಂಟ ನೋಡಿದಳು. ಎಲ್ಲರೂ ನೋಡಿದರು. ದಾರ ನಮ್ಮ ಬಾಗಿಲು ಬಿಟ್ಟು, ಬಚ್ಚಲ ಗೋಡೆಗೆ ಆನಿಸಿದ್ದ ಹವಾಲ್ದಾರ ಈರಬಸಪ್ಪನ ಸೈಕಲ್ಲಿನ ಸೀಟಿಗೆ ತೋರಿಸುತ್ತಿತ್ತು.

ಹವಾಲ್ದಾರನ ಕೈಯಿಂದ ದಾರ ಜಾರಿತು.

"ಅದು... ಸೈಕಲ್ ನಂದಲ್ಲ," ಎಂದ. "ಸರಕಾರದ್ದು."

ಗುಡ್ಡವ್ವ ತಂಬಾಕು ಉಗುಳಿ, ಸೈಕಲ್ಲಿಗೆ ಒಂದು ಸುತ್ತು ಹಾಕಿದಳು.

"ಹಂಗಾರ ಮಾಟ ಸರಕಾರನ ಮಾಡಿಸೇತಿ."

"ಸರಕಾರ ಅಕಿಗ್ಯಾಕ ಮಾಡಸತೈತಿ?" ಎಂದಳು ರುಕ್ಮವ್ವ.

"ಅದನ್ನ ಸರಕಾರ ಯಾರಿಗೂ ಹೇಳೂದಿಲ್ಲ. ಆದ್ರ ಹೆದರಬ್ಯಾಡ್ರಿ. ಸರಕಾರದ ಕೆಲಸ ಈ ಅಮಾಸಿಗೆ ಆಗೂದಲ್ಲ. ವರ್ಷಗಟ್ಟಲೆ ಹಿಡೀತೈತಿ. ಅಷ್ಟೊತ್ತಿಗೆ ಶಿವಲಿಂಗವ್ವ ತನ್ನ ಪಾಡಿಗೆ ತಾನು ವಯಸ್ಸಾಗಿ ಹೋಗತಾಳ."

ಓಣಿಯಲ್ಲಿ ನಲ್ಲಿಗೆ ಅರ್ಜಿ ಕೊಟ್ಟು ಕಾಯುತ್ತಿದ್ದವರೆಲ್ಲ ತಲೆಯಾಡಿಸಿದರು. ಹವಾಲ್ದಾರ ನಕಲಿನ ಕಾಗದವನ್ನು ಹರಿದು ಕಿಸೆಗೆ ತುರುಕಿ, ಇವೆಲ್ಲ ಮೂಢನಂಬಿಕೆ, ಇನ್ನು ಯಾರೂ ಈ ಮಾತು ಎತ್ತಕೂಡದೆಂದು ಗದರಿಸಿ, ಸೈಕಲ್ಲನ್ನು ಹತ್ತದೆ ದೂರದಿಂದಲೇ ಹ್ಯಾಂಡಲ್ ಹಿಡಿದು ತಳ್ಳಿಕೊಂಡು ಹೋದ. ಗುಡ್ಡವ್ವ ತೆಂಗಿನಕಾಯಿಯನ್ನು ಬಚ್ಚಲ ಗೋಡೆಗೆ ಒಡೆದಳು.

ಆಗ ಹೊರಸಿನ ಕಡೆಯಿಂದ ಒಂದು ಸದ್ದು ಬಂತು. ನಾನು ಬೆಚ್ಚಿ ನೋಡಿದೆ. ಶಿವಲಿಂಗವ್ವ ಎದ್ದು ಕೂತಿದ್ದರು.

"ತಂಗೀ, ರೊಟ್ಟಿ ಮಾಡೀಯೇನು?"

ಅವರು ಒಳಗೆ ಹೋದ ಮೇಲೆ ಬಿಸಿ ರೊಟ್ಟಿ, ಪುಂಡಿಪಲ್ಯ ಒಯ್ದೆ. "ಬಾಗಲಾ ಮುಂದ ಮಾಡು," ಎಂದರು. ಮುಚ್ಚಿದೆ. ಒಂದು ರೊಟ್ಟಿ ಮುಗಿಯಿತು. ಎರಡನೆಯದನ್ನು ಮುರಿಯುತ್ತ, ತಲೆ ಎತ್ತದೆ ಹೇಳಿದರು:

"ನೀ ಹೆಜ್ಜಿ ಸರಿಸಿದ್ದು ನಾ ನೋಡೀನಿ."

ನನ್ನ ಕೈಯಲ್ಲಿದ್ದ ತಂಬಿಗೆ ನೀರು ಸೀರೆಯ ಮೇಲೆ ಚೆಲ್ಲಿತು.

"ದಾರಾ ನಿಮ್ಮ ಬಾಗಲಕ್ಕ ಬಂದಿತ್ತು. ನಿನ್ನ ಮಾರಿ ನೋಡಿದೆ. ಮಾಟ ಮಾಡಿಸಿದಾಕಿ ಮಾರಿ ಅಲ್ಲ ಅದು. ಹಾಲು ಉಕ್ಕಿಸಿ ಅತ್ತಿ ಕೈಗೆ ಸಿಕ್ಕಾಕಿ ಮಾರಿ. ಆವಾಗ ತಿಳೀತು ನನಗ, ನೀ ಮೊನ್ನೆ ಹೇಳಿದ್ದೆಲ್ಲಾ ಖರೇನ ಅಂತ. ಮಾಸ್ತರನ ಸುಳ್ಳ ಹೇಳ್ಯಾನ."

"ಅವ್ವಾರ, ತಪ್ಪಾತ್ರಿ. ಈಗ ಹೋಗಿ ಓಣ್ಯಾಗ ಎಲ್ಲಾರ ಮುಂದ..."

"ಹುಚ್ಚಿ! ಬಾಯಿ ಮುಚ್ಚು." ಫೌಜುದಾರರ ದನಿ ಮರಳಿ ಬಂದಿತ್ತು. ನನಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. "ಗಾಡಿ ಅಳತಿಗೆ ಹೆದರಿ ಉಪವಾಸ ಬಿದ್ದಿದ್ಲು ಅಂತ ರುಕ್ಮವ್ವಗ ಗೊತ್ತಾದ್ರ ನಾ ಈ ಓಣ್ಯಾಗ ಹೆಂಗ ತಿರಗಾಡಲಿ? ಸರಕಾರ ಮಾಟ ಮಾಡಿಸಿತ್ತು ಅಂದ್ರ ಅದಕ್ಕೊಂದು ತೂಕ ಐತಿ. ನಾ ಯಾರಿಗೂ ಹೇಳೂದಿಲ್ಲ. ನೀನೂ ಹೇಳಬ್ಯಾಡ."

"ಇವರಿಗೆ?"

"ಮಾಸ್ತರಗ ಮೊದಲ ಹೇಳಬ್ಯಾಡ. ಗಂಡಸು ಸ್ವಲ್ಪ ಹೆದರಿಕೊಂಡಿದ್ರ ಹಿತ್ತಲಾ ಶಾಂತ ಇರತೈತಿ. ಇನ್ನೊಂದು ರೊಟ್ಟಿ ಹಾಕು. ಯಾರರ ಕೇಳಿದ್ರ ಎರಡ ಅನ್ನು. ಸಾಯಾಕ ಹೊಂಟಾಕಿ ಮೂರು ತಿಂದ್ಲು ಅಂದ್ರ ಚಂದ ಕಾಣೂದಿಲ್ಲ."

ಹೊರಗೆ ಬಂದೆ. ನಮ್ಮವರು ನಮ್ಮ ಬಾಗಿಲ ಸಂದಿಯಿಂದ ಇಣುಕುತ್ತಿದ್ದರು. ಕೇಳಲು ಧೈರ್ಯವಿಲ್ಲ, ಕೇಳದೆ ಇರಲೂ ಆಗದು.

"ಏನಂದ್ರು? ಏನರ ಗೊತ್ತಾಗೇತೇನು? ಸಂಶಯಾ ಬಂದೈತೇನು?"

ನಾನು ಒದ್ದೆಯಾದ ಸೆರಗು ಹಿಂಡಿದೆ. ಬೇಕಾದಷ್ಟು ಹೊತ್ತು ತೆಗೆದುಕೊಂಡೆ.

"ಏನೂ ಅನ್ನಲಿಲ್ಲ," ಎಂದೆ. "ಎರಡು ರೊಟ್ಟಿ ಉಂಡ್ರು."